ಅತ್ತೆಯ ದವಡೆ ನೋವು

ನಮ್ಮ ಅತ್ತೆಯ ಎರಡು ಗಟ್ಟಿ ಹಲ್ಲು ಕೀಳಿಸಿದ ಮೇಲೂ ದವಡೆ ನೋವು ಹೋಗಲಿಲ್ಲ. ಅಕ್ಕಲಕೋಟದ ಸಂತೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಕೂತು ಹಲ್ಲು ಕೀಳುವ ಮುದುಕನೊಬ್ಬನಿದ್ದ. ಒಂದು ಸಂತೆಗೆ ಒಂದು ಹಲ್ಲು ಕಿತ್ತ, ಎರಡು ಸಂತೆ ಬಿಟ್ಟು ಅದರ ಪಕ್ಕದ್ದನ್ನು ಕಿತ್ತ. ಎರಡನೆಯದನ್ನು ಅಂಗೈ ಮೇಲೆ ಹೊರಳಿಸಿ ನೋಡಿ, "ಬಾಯಾರ, ಇದರಾಗ ಹುಳಾನೂ ಇಲ್ಲ, ಏನೂ ಇಲ್ಲ. ಕಲ್ಲಿನಂಥಾ ಹಲ್ಲ ಐತಿ" ಎಂದ.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಹಂಗಾದ್ರ ನೋವು ಯಾತರದು?" ಎಂದು ಕೇಳಿದರು.

ಅವನು ಇಕ್ಕಳ ಒರೆಸಿಕೊಂಡು ಮುಂದಿನವರನ್ನು ಕರೆದ. ನಾನು ಪಕ್ಕದಲ್ಲೇ ಮಗಳನ್ನು ಎತ್ತಿಕೊಂಡು ನಿಂತಿದ್ದೆ. ಮನೆಗೆ ಹೋಗಿ ಹಿಟ್ಟು ಬೀಸಬೇಕು, ದನಕ್ಕೆ ನೀರಿಡಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ಐವತ್ತರ ದಶಕದ ನಡುವಿನ ಮಾತು ಇದು. ನನಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ತವರು ವಿಜಾಪುರದ ಕಡೆಯ ಹಳ್ಳಿ. ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ್ದೆ. ಗಂಡನ ಮನೆಯಲ್ಲಿ ಆಡುವ ಮಾತು ಕನ್ನಡ, ಓದು ಬರಹವೆಲ್ಲ ಮರಾಠಿ. ನಮ್ಮವರು ಸೊಲ್ಲಾಪುರದ ಒಂದು ಗಿರಣಿಯಲ್ಲಿ ಕಾರಕೂನರು. ಎರಡು ವಾರಕ್ಕೊಮ್ಮೆ ಶನಿವಾರ ಬಸ್ಸಿಗೆ ಬಂದು ರವಿವಾರ ಹೋಗುತ್ತಿದ್ದರು. ಊರಲ್ಲಿ ಅತ್ತೆ, ಮಾವ, ಒಕ್ಕಲುತನ ನೋಡಿಕೊಳ್ಳುವ ಮೈದುನ, ನಾನು, ಒಂದೂವರೆ ವರ್ಷದ ನನ್ನ ಮಗಳು. ಹೊಲ ಊರಿಂದ ಎರಡು ಮೈಲಿ ದೂರ.

ಅತ್ತೆಗೆ ಆಗ ಐವತ್ತು ದಾಟಿ ಒಂದೆರಡು ವರ್ಷವಾಗಿರಬೇಕು. ಎತ್ತರದ ಆಳು, ಅಗಲವಾದ ಕೈ. ಅವರು ರೊಟ್ಟಿ ಬಡಿಯುವ ಸಪ್ಪಳ ಮೂರು ಮನೆ ಆಚೆಗೆ ಕೇಳುತ್ತಿತ್ತು. ನಾನು ಏಳುವ ಹೊತ್ತಿಗೆ ಅಂಗಳ ಸಾರಿಸಿ ಆಗಿರುತ್ತಿತ್ತು. ಹೊತ್ತು ಏರುವ ಮೊದಲೇ ಬುತ್ತಿಯ ಬುಟ್ಟಿ ತಲೆ ಮೇಲೆ ಇಟ್ಟುಕೊಂಡು ಹೊಲದ ಹಾದಿ ಹಿಡಿದರೆ, ಹಿಂದೆ ಬರುವ ನಾನು ಓಡುತ್ತಲೇ ನಡೆಯಬೇಕಾಗುತ್ತಿತ್ತು. ಅವರು ಕೂತದ್ದನ್ನು ನಾನು ನೋಡಿದ್ದು ಎರಡೇ ಹೊತ್ತು, ಊಟಕ್ಕೆ ಮತ್ತು ಬೀಸುಕಲ್ಲಿನ ಮುಂದೆ.

ಆ ವರ್ಷ ಚಳಿ ಶುರುವಾದಾಗ ಅವರು ಹಾದಿಯಲ್ಲಿ ನಿಲ್ಲಲು ಹತ್ತಿದರು. ಮೊದಲು ಒಂದು ಕಡೆ, ಬೇವಿನ ಗಿಡದ ಕೆಳಗೆ. ಬುಟ್ಟಿ ಇಳಿಸುತ್ತಿರಲಿಲ್ಲ, ಒಂದು ಕಾಲೆತ್ತಿ ಚಪ್ಪಲಿ ಬಿಚ್ಚಿ, ಮುಳ್ಳು ತೆಗೆಯುವವರ ಹಾಗೆ ಅಂಗಾಲು ಸವರಿಕೊಳ್ಳುತ್ತಿದ್ದರು. ಆಮೇಲೆ ಹಳ್ಳದ ಏರು ಹತ್ತಿದ ಮೇಲೆ ಇನ್ನೊಂದು ಕಡೆ. ಏರಿನ ಮೇಲೆ ಮುಳ್ಳಿನ ಗಿಡವೇ ಇರಲಿಲ್ಲ. ಅದನ್ನೂ ನಾನು ಗಮನಿಸಿದ್ದೆ. ನಿಂತಷ್ಟು ಹೊತ್ತು ಬಾಯಿ ಬಿಗಿದುಕೊಂಡು ಮೂಗಿನಿಂದ ಉಸಿರು ಎಳೆಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, "ನಡಿ ನಡಿ, ಅವರು ಹಸದಿರ್ತಾರ" ಎಂದು ತಾವೇ ನನ್ನನ್ನು ಅವಸರ ಮಾಡುತ್ತಿದ್ದರು.

ಮೊಮ್ಮಗಳನ್ನು ಯಾವಾಗಲೂ ಎಡ ಸೊಂಟದ ಮೇಲೆ ಕೂಡಿಸಿಕೊಳ್ಳುತ್ತಿದ್ದವರು ಬಲಕ್ಕೆ ಬದಲಿಸಿದರು. ಎಡಗೈಯನ್ನು ಮೊಣಕೈಯಿಂದ ಕೆಳಗೆ ಒತ್ತಿಕೊಳ್ಳುತ್ತಿದ್ದರು. ರೊಟ್ಟಿ ಏಳೆಂಟು ಬಡಿದ ಮೇಲೆ ಹಿಟ್ಟಿನ ಪರಾತ ನನ್ನ ಕಡೆ ಸರಿಸಿ, "ಇನ್ನ ನೀ ಬಡಿ" ಎಂದು ಗೋಡೆಗೆ ಬೆನ್ನು ಕೊಡುತ್ತಿದ್ದರು. ಆಗ ಮುಖದಲ್ಲಿ ಬಣ್ಣ ಇರುತ್ತಿರಲಿಲ್ಲ. ಉಂಡ ಕೂಡಲೇ ತೇಗು, ಹೊಟ್ಟೆ ಉಬ್ಬರ ಎನ್ನುತ್ತಿದ್ದರು. ಓಂಕಾಳು ಅಗಿದರು, ಸೋಡಾ ಹಾಕಿದ ನೀರು ಕುಡಿದರು. ವೈದ್ಯರೊಬ್ಬರು ವಾಯು ಎಂದು ಚೂರ್ಣ ಕೊಟ್ಟರು. ದವಡೆ ಹಿಡಿದುಕೊಂಡಾಗ ಹಲ್ಲಿನದು ಎಂದರು, ಬೆನ್ನು ಹಿಡಿದುಕೊಂಡಾಗ ನೀರು ಹೊತ್ತದ್ದರಿಂದ ಎಂದರು. ಒಂದೊಂದು ನೋವಿಗೂ ಒಂದೊಂದು ಕಾರಣ ಸಿಗುತ್ತಿತ್ತು. ಕಾರಣ ಸಿಕ್ಕ ಮೇಲೆ ಯಾರೂ ಮುಂದಕ್ಕೆ ಕೇಳುತ್ತಿರಲಿಲ್ಲ.

ನನಗಂತೂ ಸಿಟ್ಟು ಬರುತ್ತಿತ್ತು. ಅವರು ಬಿಟ್ಟ ಕೆಲಸವೆಲ್ಲ ನನ್ನ ಮೇಲೆ ಬೀಳುತ್ತಿತ್ತು. ಮಗಳಿಗೆ ಇನ್ನೂ ಹಾಲು ಬಿಡಿಸಿರಲಿಲ್ಲ. ಕೈಕಾಲು ಸದಾ ಜೋತು ಬಿದ್ದ ಹಾಗಿರುತ್ತಿದ್ದವು. ತವರಿಗೆ ಹೋಗಿ ಎರಡು ದಿನ ಮಲಗಿದರೆ ಸಾಕು ಅನಿಸುತ್ತಿತ್ತು. ಅಂಥ ಒಂದು ಮಧ್ಯಾಹ್ನ ನಮ್ಮವರಿಗೆ ಕಾಗದ ಬರೆದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ನನಗೆ ಮರಾಠಿ ಬರೆಯುವುದು ಅಷ್ಟಕ್ಕಷ್ಟೇ. ಅತ್ತೆ ಏರು ಹತ್ತುವಾಗ ನಿಲ್ಲುತ್ತಾರೆ, ಉಸಿರು ಹಿಡಿಯುತ್ತಾರೆ, ಕೈ ಒತ್ತಿಕೊಳ್ಳುತ್ತಾರೆ ಎಂದೆಲ್ಲ ಬರೆಯಲು ನನ್ನ ಹತ್ತಿರ ಮರಾಠಿ ಮಾತು ಇರಲಿಲ್ಲ. ಇದ್ದಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ. ನನಗೆ ಬರುತ್ತಿದ್ದ ಒಂದೇ ಮಾತು ಬರೆದೆ. ಅವರಿಗೆ ಈಗೀಗ ಕೆಲಸದ ಕಂಟಾಳಾ, ಎಲ್ಲವನ್ನೂ ನನ್ನ ಮೇಲೆ ಹಾಕುತ್ತಾರೆ ಎಂದು. ಕಂಟಾಳಾ ಎಂದರೆ ಬೇಸರ. ಮೈಗಳ್ಳತನ ಎಂಬ ಅರ್ಥವೂ ಅದಕ್ಕೆ ಇದೆ. ನಾನು ಬರೆದದ್ದು ಆ ಎರಡನೆಯ ಅರ್ಥದಲ್ಲೇ.

ಮುಂದಿನ ಬಾರಿ ಊರಿಗೆ ಬಂದಾಗ ನಮ್ಮವರು ಊಟದ ಮುಂದೆ ನಗುತ್ತಲೇ, "ಯವ್ವಾ, ಈಗ ಸೊಸಿ ಬಂದಾಳಂತ ನಿನಗ ಕೆಲಸದ ಕಂಟಾಳಾ ಬಂದೈತಂತ, ಆರಾಮ ಕೂಡಾಕತ್ತೀಯಂತ?" ಎಂದರು.

ಅತ್ತೆ ನನ್ನನ್ನು ಒಂದು ಸಲ ನೋಡಿದರು. ಮರುದಿನದಿಂದ ರೊಟ್ಟಿಯೆಲ್ಲ ತಾವೇ ಬಡಿಯತೊಡಗಿದರು. ನಡುನಡುವೆ ಕೈ ನಿಲ್ಲಿಸಿ ಒಲೆಯ ಕಟ್ಟಿಗೆ ಸರಿ ಮಾಡಿದ ಹಾಗೆ ಮಾಡಿ, ಮತ್ತೆ ಬಡಿಯುತ್ತಿದ್ದರು. ನನಗೆ ಹಗುರವಾಯಿತು. ಆ ಹಗುರನ್ನು ನೆನೆದರೆ ಈಗಲೂ ಮೈ ಭಾರವಾಗುತ್ತದೆ.

ಜೋಳದ ಕೊಯ್ಲು ಮುಗಿಯುವ ಹೊತ್ತಿಗೆ ಅವರು ಸುಮ್ಮನೆ ಕೂತಾಗಲೂ ಆ ನೋವು ಬರಲು ಹತ್ತಿತ್ತು. ಒಮ್ಮೆ ಮೊಮ್ಮಗಳ ಜಡೆ ಹಾಕುತ್ತಿದ್ದವರು ಬಾಚಣಿಕೆ ಬಿಟ್ಟು ಎದೆಯ ನಡುವೆ ಮುಷ್ಟಿ ಒತ್ತಿಕೊಂಡರು. "ಏನಾತ್ರಿ ಅತ್ತೀ?" ಎಂದೆ. "ಏನಿಲ್ಲ. ಉರಿ" ಎಂದರು. ಬೆರಳು ತೋರಿಸಿ ಇಲ್ಲಿ ನೋವು ಎನ್ನಲಿಲ್ಲ, ಇಡೀ ಮುಷ್ಟಿಯನ್ನೇ ಇಟ್ಟರು. ಆ ಬೆರಳು ಮತ್ತು ಮುಷ್ಟಿಯ ವ್ಯತ್ಯಾಸವನ್ನು ನನಗೆ ಡಾಕ್ಟರೊಬ್ಬರು ಹೇಳಿಕೊಟ್ಟದ್ದು ಆಮೇಲೆ.

ಅದಾಗಿ ನಾಲ್ಕನೆಯ ದಿನವೋ ಐದನೆಯ ದಿನವೋ, ಬೆಳಿಗ್ಗೆ, ಒಂದು ಕೊಡ ನೀರು ತಂದು ಪಡಸಾಲೆಯಲ್ಲಿ ಇಳಿಸಿದರು. ಇಳಿಸಿದವರು ಏಳಲಿಲ್ಲ. ಕೊಡದ ಬಾಯಿ ಹಿಡಿದುಕೊಂಡೇ ಕೂತರು. ನಾನು ಒಲೆಯ ಮುಂದಿನಿಂದ, "ಅತ್ತೀ, ನೀರ ಒಳಗ ತರ್ರಿ" ಎಂದೆ. ಕೊಡ ಒಳಗೆ ಬರಲಿಲ್ಲ. ಹೊರಗೆ ಬಂದು ನೋಡಿದೆ. ಚಳಿ ಇನ್ನೂ ಇತ್ತು, ನಾನು ಸೆರಗು ಹೊದ್ದುಕೊಂಡೇ ಕೆಲಸ ಮಾಡುತ್ತಿದ್ದೆ. ಅವರ ಕುಪ್ಪಸ ಬೆನ್ನಿಗೆ ಅಂಟಿಕೊಂಡಿತ್ತು. ಹಣೆಯಿಂದ ಬೆವರು ಹನಿಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ಕೊಡ ತುಳುಕಿ ನೀರು ಚೆಲ್ಲಿದೆ ಅಂದುಕೊಂಡು ಮುಟ್ಟಿದೆ. ನೀರಲ್ಲ. ಜಿಗುಟಾದ ತಣ್ಣನೆಯ ಬೆವರು.

"ಎದಿ ಮ್ಯಾಲ ಬೀಸುಕಲ್ಲ ಇಟ್ಟಾಂಗ ಆಗೇತಿ" ಎಂದರು ಅತ್ತೆ. ಅಷ್ಟು ಹೇಳಲು ಎರಡು ಸಲ ಉಸಿರು ತೆಗೆದುಕೊಂಡರು. ಆಮೇಲೆ ಪಕ್ಕಕ್ಕೆ ಬಾಗಿ ವಾಂತಿ ಮಾಡಿದರು.

ನನ್ನ ಕೂಗು ಕೇಳಿ ಪಕ್ಕದ ಮನೆಯವಳು ಓಡಿ ಬಂದಳು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ಗಟ್ಟಿ ಬಾಯಿಯವಳು. ಅತ್ತೆಯನ್ನು ನೋಡಿದವಳೇ, "ದೃಷ್ಟಿ ಆಗೇತಿ ನೋಡು. ಎಬ್ಬಿಸಿ ಅಡ್ಡಾಡಸು, ವಾಯು ಇಳೀತೈತಿ" ಎಂದು ತೋಳಿಗೆ ಕೈ ಹಾಕಿದಳು. ಅತ್ತೆಯೂ ಏಳಲು ನೋಡಿದರು. "ರೊಟ್ಟಿ ಇನ್ನ ಅರ್ಧಾ ಉಳದಾವ" ಎಂದರು. ಆ ಮಾತು ಕೇಳಿ ನನಗೆ ಏನಾಯಿತೋ. ಇಬ್ಬರ ಮೇಲೂ ಚೀರಿದೆ. "ಬ್ಯಾಡ್ರಿ! ಏಳಬ್ಯಾಡ್ರಿ! ಯಾರೂ ಮುಟ್ಟಬ್ಯಾಡ್ರಿ!"

ಅದು ನಾನು ವೈದ್ಯಕೀಯ ತಿಳಿದು ಹೇಳಿದ್ದಲ್ಲ. ಹಾದಿಯಲ್ಲಿ ನಿಂತರೆ ಅವರಿಗೆ ಹಗುರಾಗುತ್ತಿತ್ತು, ಗೋಡೆಗೆ ಒರಗಿದರೆ ಮುಖಕ್ಕೆ ಬಣ್ಣ ಬರುತ್ತಿತ್ತು. ನಾಲ್ಕು ತಿಂಗಳು ನೋಡಿದ್ದೆಲ್ಲ ಒಂದೇ ಸಲ ಕಣ್ಣ ಮುಂದೆ ಬಂದು ನಿಂತಿತು. ಗೋಡೆಗೆ ಒರಗಿಸಿ ಬೆನ್ನಿಗೆ ಕೌದಿ ಇಟ್ಟೆ. ಮಾವ ದನದ ಕೊಟ್ಟಿಗೆಯಿಂದ ಬಂದವರು ರುಮಾಲನ್ನೂ ಸುತ್ತಿಕೊಳ್ಳದೆ ಡಾಕ್ಟರನ್ನು ಕರೆಯಲು ಹೋದರು. ಅವರು ಬರಿದಲೆಯಲ್ಲಿ ಬೀದಿಗೆ ಇಳಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಡಾಕ್ಟರು ಸೈಕಲ್ ಮೇಲೆ ಬಂದರು. ನಾಡಿ ಹಿಡಿದರು, ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು, ಒಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ಮಾವನನ್ನು ಅಂಗಳಕ್ಕೆ ಕರೆದು, "ಇದು ಹೊಟ್ಟಿದಲ್ಲರಿ. ಹಾರ್ಟಿನ ದುಖಣಿ, ಎದಿ ಬ್ಯಾನಿ. ಸೊಲ್ಲಾಪುರಕ್ಕ ಒಯ್ಯಬೇಕು. ಆದ್ರ ಬಸ್ಸಿನ್ಯಾಗ ಕೂಡಿಸಬ್ಯಾಡ್ರಿ, ಒಂದು ಹೆಜ್ಜಿನೂ ನಡಸಬ್ಯಾಡ್ರಿ" ಎಂದರು.

ಪೇಟೆಯ ಅಡತಿ ವ್ಯಾಪಾರಿಯೊಬ್ಬರ ಹತ್ತಿರ ಜೀಪು ಇತ್ತು. ಮಾವನ ಪರಿಚಯದವರು, ಕೇಳಿದ ಕೂಡಲೇ ಕಳಿಸಿದರು. ಹಿಂದಿನ ಸೀಟು ತೆಗೆದು ಗಾದಿ ಹಾಸಿ, ಅತ್ತೆಯನ್ನು ಹೊರಸಿನ ಸಮೇತ ಎತ್ತಿ ತಂದು ಮಲಗಿಸಿದರು. ಮಗಳನ್ನು ಪಕ್ಕದವಳ ಕೈಗೆ ಕೊಟ್ಟು ನಾನು ಅತ್ತೆಯ ತಲೆಯ ಹತ್ತಿರ ಕೂತೆ. ಸೊಲ್ಲಾಪುರದ ರಸ್ತೆ ಆಗ ತೆಗ್ಗುದಿಣ್ಣೆ. ಒಂದೊಂದು ತೆಗ್ಗಿಗೂ ಅವರ ಮುಖ ನೋಡುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡು, ಮಾತಾಡಬೇಡಿ ಎಂದು ಡಾಕ್ಟರು ಹೇಳಿದ್ದರೂ, "ಎಮ್ಮಿ ಹಿಂಡೀರಿಲ್ಲೋ?" ಎಂದು ಎರಡು ಸಲ ಕೇಳಿದರು.

ದವಾಖಾನೆಯಲ್ಲಿ ಅವರ ಕೈಕಾಲಿಗೆ ಪಟ್ಟಿ ಕಟ್ಟಿ, ಪೆಟ್ಟಿಗೆಯಂಥ ಒಂದು ಯಂತ್ರದಿಂದ ಹೃದಯದ ಗೆರೆ ತೆಗೆದರು. ಗಿರಣಿಯಿಂದ ನಮ್ಮವರು ಬಂದರು. ದೊಡ್ಡ ಡಾಕ್ಟರು ಕಾಗದ ಮುಂದಿಟ್ಟುಕೊಂಡು ಮಾವನನ್ನು ಮರಾಠಿಯಲ್ಲಿ ಕೇಳಿದರು, ತ್ರಾಸು ಯಾವಾಗ ಶುರುವಾಯಿತು ಎಂದು. ಮಾವ, "ಇವತ್ತ ಮುಂಜಾನಿ, ಸಾಹೇಬ್ರ. ಅಲ್ಲೀತನಕ ಗಟ್ಟಿ ಇದ್ಲು" ಎಂದರು.

ನಾನು ಬಾಗಿಲ ಬದಿಗೆ ತಲೆ ಮೇಲೆ ಸೆರಗು ಹೊದ್ದು ನಿಂತಿದ್ದೆ. ಮಾವನ ಮುಂದೆ ನಾನು ಮಾತಾಡುತ್ತಿರಲಿಲ್ಲ. ಆದರೂ ಬಾಯಿಂದ ಬಂತು. "ಇಲ್ರಿ. ನಾಕ ತಿಂಗಳಾತರಿ."

ಡಾಕ್ಟರು ತಲೆ ಎತ್ತಿದರು. ಈ ಸಲ ಕನ್ನಡದಲ್ಲೇ ಕೇಳಿದರು. ಅವರೂ ಗಡಿ ಹಳ್ಳಿಯ ಕಡೆಯವರೇ ಇರಬೇಕು.

"ನಾಕ ತಿಂಗಳದಿಂದ ಏನಾಗ್ತಿತ್ತವಾ?"

"ಏರು ಹತ್ತುವಾಗ ನಿಲ್ಲತಿದ್ರು."

"ನಿಂತ್ರ ಹಗುರ ಆಗ್ತಿತ್ತು?"

"ಹೌದ್ರಿ. ಒಂದು ಎಲಿಅಡಿಕಿ ಹಾಕ್ಕೊಳ್ಳೂವಷ್ಟು ಹೊತ್ತು. ಮತ್ತ ನಡೀತಿದ್ರು."

"ಕೈಯಾಗೇನರ ನೋವು?"

"ಎಡಗೈರಿ. ಮೊಳಕೈ ಕೆಳಗ. ಕೂಸಿನ್ನ ಆ ಕಡೆ ಎತ್ತಿಕೊಳ್ಳೂದು ಬಿಟ್ಟಿದ್ರು. ಬೆನ್ನಾಗೂ ಬರ್ತಿತ್ತು, ಎರಡು ರೆಕ್ಕಿ ನಡುವ. ದವಡಿನೂ ನೂಸ್ತಿತ್ತು. ಎರಡು ಹಲ್ಲ ಕೀಳಿಸಿದ್ವಿ. ಹಲ್ಲಿನ್ಯಾಗ ಹುಳಾ ಇರಲಿಲ್ಲ. ಮ್ಯಾಲೆ ಮ್ಯಾಲೆ ತೇಗು. ಮೊದಲ ಕೆಲಸ ಮಾಡಿದ್ರಷ್ಟ ಬರ್ತಿತ್ತು, ಹೋದ ವಾರದಿಂದ ಕುಂತಾಗೂ ಬರಾಕತ್ತಿತ್ತು."

ಅವರು ಬರೆಯುವುದನ್ನು ನಿಲ್ಲಿಸಿದರು. "ಇಷ್ಟೆಲ್ಲಾ ನೋಡೀಯಲ್ಲವಾ" ಎಂದರು, "ಯಾರ ಮುಂದ ಹೇಳಿದಿ?"

ದನಿಯಲ್ಲಿ ಬೈಗುಳವಿರಲಿಲ್ಲ. ಕೇಳಬೇಕಾದ ಒಂದು ಪ್ರಶ್ನೆ ಕೇಳಿದ್ದರು, ಅಷ್ಟೇ. ನಾನು ನಮ್ಮವರ ಕಡೆ ನೋಡಲಿಲ್ಲ. ಅವರು ನನ್ನ ಕಡೆ ನೋಡುತ್ತಿದ್ದಾರೆಂದು ನೋಡದೆಯೂ ಗೊತ್ತಾಗುತ್ತಿತ್ತು. ನಾನು ಹೇಳಿದ್ದೆ. ಒಬ್ಬರ ಮುಂದೆ, ಒಂದೇ ಮಾತಿನಲ್ಲಿ.

ಡಾಕ್ಟರು ಆಮೇಲೆ ನಮಗೆಲ್ಲ ತಿಳಿಸಿ ಹೇಳಿದರು. ಹೃದಯಕ್ಕೆ ರಕ್ತ ಒಯ್ಯುವ ನಾಳ ಸಣ್ಣದಾದರೆ, ಕೆಲಸ ಹೆಚ್ಚಾದಾಗ ಹೃದಯ ಹೀಗೆ ಅಳುತ್ತದೆ, ಕೂತರೆ ಸುಮ್ಮನಾಗುತ್ತದೆ. ಅತ್ತದ್ದು ಎದೆಯಲ್ಲೇ ಕೇಳಬೇಕೆಂದಿಲ್ಲ, ಕೈಯಲ್ಲಿ, ದವಡೆಯಲ್ಲಿ, ಬೆನ್ನಲ್ಲಿ, ಹೊಟ್ಟೆಯ ಮೇಲ್ಗಡೆ ಕೇಳಬಹುದು. ಸ್ನಾಯು ಉಳುಕಿದವರು ಬೆರಳಿನಿಂದ ಜಾಗ ತೋರಿಸುತ್ತಾರೆ, ಹೃದಯದ ನೋವಿನವರು ಮುಷ್ಟಿ ಇಟ್ಟುಕೊಳ್ಳುತ್ತಾರೆ. ಕಡಿಮೆ ಕೆಲಸಕ್ಕೆ ಬರಲು ಹತ್ತಿದರೆ, ಕೂತಾಗಲೂ ಬಂದರೆ, ಅಂದೇ ದವಾಖಾನೆ ಮುಟ್ಟಬೇಕು. ತಣ್ಣನೆಯ ಬೆವರು ಬಂದ ಮೇಲೆ ಒಂದು ಗಳಿಗೆಯೂ ಕಾಯಬಾರದು. "ಹೆಣ್ಣುಮಕ್ಕಳದು ಇನ್ನೂ ತಿಳಿಯೂದಿಲ್ಲ" ಎಂದರು ಕೊನೆಗೆ. "ಬರೇ ದಣಿವು ಅಂತಾರ. ಅವರು ಹೇಳೂದಿಲ್ಲ, ನಾವೂ ಕೇಳೂದಿಲ್ಲ."

ಆರು ವಾರ ಅತ್ತೆ ಹಾಸಿಗೆ ಬಿಟ್ಟು ಇಳಿಯುವಂತಿರಲಿಲ್ಲ. ಆಗ ಹಾಗೇ ಮಾಡುತ್ತಿದ್ದರು. ಎರಡು ವಾರ ದವಾಖಾನೆಯಲ್ಲಿ, ಉಳಿದ ನಾಲ್ಕು ವಾರ ಗಿರಣಿಯವರ ವಠಾರದಂಥ ಚಾಳಿನಲ್ಲಿ ನಮ್ಮವರಿಗಿದ್ದ ಕೋಣೆಯಲ್ಲಿ. ಮಾವ ಮಗಳನ್ನು ನನ್ನ ಹತ್ತಿರ ತಂದುಬಿಟ್ಟು ಊರಿಗೆ ಹೋದರು. ಒಂದೇ ಕೋಣೆ. ಗಿರಣಿಯ ಭೋಂಗಾ ಕೂಗಿದಾಗಲೆಲ್ಲ ಮಗಳು ಬೆಚ್ಚಿ ಅಳುತ್ತಿದ್ದಳು. ಅತ್ತೆಗೆ ಉಣಿಸುವುದು, ಮೈ ಒರೆಸುವುದು, ಮಲಮೂತ್ರದ ತಟ್ಟೆ ಇಟ್ಟು ತೆಗೆಯುವುದು, ಕೆಳಗಿನ ನಳದಿಂದ ನೀರು ಹೊತ್ತು ಮೆಟ್ಟಿಲು ಹತ್ತುವುದು, ಮಗಳು, ಒಲೆ, ಬಟ್ಟೆ. ಯಾವ ದಿನ ಯಾವ ವಾರ ಎಂಬುದು ನನಗೆ ಮರೆತೇ ಹೋಗಿತ್ತು. ಒಮ್ಮೆ ಅನ್ನ ಬಸಿಯುತ್ತಾ ನಿಂತಲ್ಲೇ ಕಣ್ಣು ಮುಚ್ಚಿ ಕೈ ಸುಟ್ಟುಕೊಂಡೆ. ನಮ್ಮವರು ಕೆಲಸದಿಂದ ಬಂದು ನೀರು ತರುತ್ತಿದ್ದರು. ಆ ಚಾಳಿನಲ್ಲಿ ಗಂಡಸು ಕೊಡ ಹೊರುವುದನ್ನು ನೋಡಿ ನಗುವವರಿದ್ದರು. ಅವರು ತಲೆ ತಗ್ಗಿಸಿ ಹೊತ್ತರು. ಕಾಗದದ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎತ್ತಿದವರು ಅತ್ತೆಯೇ. ಒಂದು ಮಧ್ಯಾಹ್ನ ತಲೆ ಬಾಚುತ್ತಿದ್ದೆ. ಮಲಗಿ ಮಲಗಿ ಕೂದಲು ಗಂಟುಗಟ್ಟಿತ್ತು.

"ನೀ ಅವಗ ಬರದಿದ್ದೆಲ್ಲಾ" ಎಂದರು, "ನನಗ ಕಂಟಾಳಾ ಅಂತ."

ಬಾಚಣಿಕೆ ನಿಂತಿತು. "ತಪ್ಪಾತರಿ ಅತ್ತೀ."

"ತಪ್ಪು ಯಾಕ? ಖರೇನ ಬರದಿ. ಕಂಟಾಳಾ ಬಂದಿತ್ತು ನನಗ. ಮೈಯಾಗ ಒಂದು ಎಳಿನೂ ತ್ರಾಣ ಇರಲಿಲ್ಲ. ಲಗ್ನ ಆದಾಗಿಂದ ಒಂದ ದಿನಾ ಸೈತ ಯಾರ ಮುಂದೂ ಅಂದಿರಲಿಲ್ಲ ನೋಡು, ಕಂಟಾಳಾ ಬಂದೈತಿ ಅಂತ. ಮಂದಿ ಏನಂದಾರು ಅಂತ ಸುಮ್ಮನಿದ್ದೆ. ನಿನ್ನ ಕೈಯಾಗರೆ ಹಾಲು ಕುಡಿಯೂ ಕೂಸು. ನಾ ಕುಂತ್ರ ನೀನ ಬೀಳ್ತಿದ್ದಿ."

ನನಗೆ ಅಳು ಬರಲಿಲ್ಲ. ಅಳುವಷ್ಟೂ ಶಕ್ತಿ ಇರಲಿಲ್ಲ ಎನ್ನಬೇಕು. ಗಂಟು ಬಿಡಿಸುತ್ತಾ ಕೇಳಿದೆ. "ನೋವು ಬಂದಾಗ ಒಂದ ಮಾತು ಅಂದಿದ್ರ?"

"ನೋವಲ್ಲವಾ ಅದು. ನೋವಾಗಿದ್ರ ಅಂತಿದ್ದೆ. ಒಜ್ಜಿ ಅದು, ಭಾರ. ಒಜ್ಜಿ ಹೊರೂದು ದಿನಾ ಇದ್ದದ್ದ."

ಈ ಮಾತು ಮತ್ತೆ ಭೇಟಿಯಾದಾಗ ದೊಡ್ಡ ಡಾಕ್ಟರಿಗೂ ಹೇಳಿದೆ. ಅವರು ತಲೆಯಾಡಿಸಿ, ಬಹಳ ಮಂದಿ ನೋವು ಇದೆಯಾ ಎಂದರೆ ಇಲ್ಲ ಎನ್ನುತ್ತಾರೆ, ಒಜ್ಜೆ ಇದೆಯಾ ಎಂದು ಕೇಳಬೇಕು ಎಂದರು.

ಮಳೆಗಾಲದ ಹೊತ್ತಿಗೆ ಅತ್ತೆ ಊರಿಗೆ ಮರಳಿದರು. ನೀರು ಹೊರುವಂತಿಲ್ಲ, ಬೀಸುವಂತಿಲ್ಲ, ಹೊಲಕ್ಕೆ ನಡೆಯುವಂತಿಲ್ಲ. ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಸಣ್ಣ ಗುಳಿಗೆಯನ್ನು ಒಂದು ಡಬ್ಬಿಯಲ್ಲಿ ಹಾಕಿ ಸೊಂಟಕ್ಕೆ ಸಿಗಿಸಿಕೊಂಡಿರುತ್ತಿದ್ದರು. ಕೂತು ಮಾಡುವ ಕೆಲಸ ಹುಡುಕಿಕೊಂಡರು: ಬೇಳೆ ಆರಿಸುವುದು, ಕೌದಿ ಹೊಲಿಯುವುದು. ಮೈದುನನಿಗೆ ಲಗ್ನವಾಗಿ ಇನ್ನೊಬ್ಬ ಸೊಸೆ ಬಂದಳು. ನಾನು ಮಗಳೊಂದಿಗೆ ಸೊಲ್ಲಾಪುರದ ಚಾಳಿಗೆ ಬಂದುಬಿಟ್ಟೆ. ಹೊಸ ಸೊಸೆಗೆ ಅವಳು ಬಂದ ಮೊದಲ ದಿನವೇ ಎಲ್ಲ ಹೇಳಿದ್ದೆ. ಯಾವ ಬಣ್ಣ, ಯಾವ ಬೆವರು, ಯಾವ ಕೈ. ಅವಳು ಗಾಬರಿಯಾಗಿ ನನ್ನ ಬಾಯಿ ನೋಡಿದಳು. ಹೇಳುವುದು ಜಾಸ್ತಿಯಾಯಿತೇನೋ ಅನಿಸಿತು. ಆದರೂ ಹೇಳಿದೆ.

ಚಾಳಿನಲ್ಲೂ ನನಗೆ ಅದೇ ಚಟವಾಯಿತು. ನಮ್ಮವರು ಮೆಟ್ಟಿಲು ಹತ್ತಿ ಬಂದರೆ ಉಸಿರು ಕೇಳುತ್ತಿದ್ದೆ. ಊಟದ ಮೇಲೆ ಅವರು ತೇಗಿದರೆ ಮುಖ ನೋಡುತ್ತಿದ್ದೆ. "ನನ್ನ ಹಿಂಗ ನೋಡಬ್ಯಾಡ ಮಾರಾಯ್ತಿ, ಇಲ್ಲದ್ದ ರೋಗ ಬರ್ತೈತಿ" ಎಂದು ಅವರು ಸಿಡುಕುತ್ತಿದ್ದರು. ನೋಡದೆ ಇದ್ದದ್ದರ ದಣಿವು ಒಂದು ತರಹ, ಸದಾ ನೋಡುತ್ತಿರುವುದರ ದಣಿವು ಇನ್ನೊಂದು ತರಹ. ಎರಡೂ ನನಗೆ ಗೊತ್ತು.

ಅದಾದ ಮೇಲೆ ಅತ್ತೆ ಎರಡು ವರ್ಷ ಮತ್ತು ಕೆಲವು ತಿಂಗಳು ಬದುಕಿದರು. ಕೊನೆಯ ಸಲ ನಾನು ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಿದ್ದರು. "ಬಾಜೂದಾಕಿ ಕೊಡ ತರುವಾಗ ನಡುವ ನಿಲ್ಲಾಕತ್ತಾಳ" ಎಂದರು. "ಎರಡು ಸರತಿ ಹೇಳಿದೆ, ಡಾಕ್ಟರ ಕಡೆ ಹೋಗು ಅಂತ. ನಕ್ಕೋತ ಹೋಗ್ಯಾಳ."

ಒಂದು ತಿಂಗಳ ಮೇಲೆ ಸುದ್ದಿ ಬಂತು. ನಡು ಮಧ್ಯಾಹ್ನ ಮತ್ತೆ ಅದೇ ಒಜ್ಜೆ, ಅದೇ ಬೆವರು. ಈ ಸಲ ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಗುಳಿಗೆ ನಾಲಿಗೆ ಕೆಳಗೆ ಇಟ್ಟುಕೊಂಡು, ಸೊಸೆಯನ್ನು ಕರೆದು, "ಡಾಕ್ಟರಿಗೆ ಹೇಳಿ ಕಳಸು. ಬಂದೈತಿ" ಎಂದರಂತೆ. ಡಾಕ್ಟರು ಬೇಗನೇ ಬಂದರು, ಇಂಜೆಕ್ಷನ್ನೂ ಕೊಟ್ಟರು. ಹೃದಯ ತಾಳಲಿಲ್ಲ. ನಾವು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ನನಗೆ, "ವೇಳ್ಯಾಕ್ಕ ಕರದ್ರವಾ ಅವರು. ನಮ್ಮ ಕೈಯಾಗ ಇನ್ನೇನೂ ಇರಲಿಲ್ಲ" ಎಂದರು. ಆ ಮಾತನ್ನು ಸಮಾಧಾನ ಎಂದು ತಿಳಿಯಬೇಕೋ ಬೇಡವೋ ಆಗ ಗೊತ್ತಾಗಲಿಲ್ಲ. ಅತ್ತೆಗೆ ಎರಡು ವರ್ಷ ಹೆಚ್ಚಿಗೆ ಸಿಕ್ಕಿತ್ತು, ಅದರಲ್ಲಿ ಮೊಮ್ಮಗಳು ಅವರ ಜೊತೆ ಜಗಳವಾಡುವಷ್ಟು ದೊಡ್ಡವಳಾಗಿದ್ದಳು. ಅದಷ್ಟು ನಿಜ.

ಮಣ್ಣಾದ ಮೂರನೆಯ ದಿನ ಹೆಂಗಸರು ಸುತ್ತ ಕೂತು, ಮೊದಲು ಹೇಗೆ ಶುರುವಾಯಿತು ಎಂದು ನನ್ನನ್ನು ಕೇಳಿದರು. ಅಷ್ಟು ಹೊತ್ತಿಗೆ ಬಂದವರಿಗೆಲ್ಲ ಅನ್ನ ನೀರು ನೋಡಿ ನೋಡಿ ನನ್ನ ನಡು ಬಿದ್ದುಹೋಗಿತ್ತು. ಮತ್ತೊಮ್ಮೆ ಎಲ್ಲ ಹೇಳಿದೆ. ಹೇಳಿ ಮುಗಿಸಿದಾಗ ಪಕ್ಕದ ಮನೆಯವಳು ಮೆಲ್ಲಗೆ ಸರಿದು ಬಂದು ಕಿವಿಯಲ್ಲಿ, "ನನಗೂ ಕೊಡ ತರುವಾಗ ಉಸುರು ಹತ್ತತೈತಿ. ಎದಿ ಡವಡವ ಅಂತೈತಿ" ಎಂದಳು. ಅವಳ ಗಟ್ಟಿ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮಲಗಬೇಕೆಂದು ಮೈಯೆಲ್ಲ ಬೇಡುತ್ತಿತ್ತು. ಎದ್ದು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಡುವೆ ಮೂರು ಕಡೆ ಕೂಡಿಸಿದೆ. ಡಾಕ್ಟರು ನಳಿಗೆ ಇಟ್ಟು ಎದೆ ಕೇಳಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. "ಹಾರ್ಟ್ ಛಲೋ ಐತಿ" ಎಂದರು. "ಮೈಯಾಗ ರಕ್ತ ಇಲ್ಲ, ಅದಕ್ಕ ದಮ್ಮು ಹತ್ತಾಕತ್ತೈತಿ. ಔಷಧ ಕೊಡ್ತೀನಿ, ಮೂರು ತಿಂಗಳು ತಪ್ಪದ ತಗೋರಿ. ಬಂದದ್ದು ಛಲೋ ಆತು."

ಹೊರಗೆ ಬಂದವಳೇ ಅವಳಿಗೆ ದನಿ ಮರಳಿತು. "ಅರ್ಧಾ ದಿನಾ ಹಾಳ ಮಾಡಿದಿ ನೋಡು ನಂದು. ಎದಿ ಎದಿ ಅಂತ ಅಂಜಿಸಿ ಅಂಜಿಸಿ ನನ್ನ ಜೀಂವಾ ಬಾಯಿಗೆ ತಂದಿ. ಇನ್ನ ಮನ್ಯಾಗ ಒಲಿ ಸೈತ ಹತ್ತಿಲ್ಲ" ಎಂದು ಮನೆ ಮುಟ್ಟುವತನಕ ಬೈದಳು. ನಾನು ಔಷಧದ ಬಾಟಲಿ ಹಿಡಿದುಕೊಂಡು ಅವಳ ಪಕ್ಕ ನಡೆದೆ. ಬಿಸಿಲು ಏರಿತ್ತು. ನಡೆಯುವುದು ಸಾಕಾಗಿ ಒಂದು ಕಡೆ ನಾನೇ ನಿಂತೆ. ಅವಳೂ ಬೈಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು, "ನಿನಗೇನಾತ?" ಎಂದಳು.

"ಏನಿಲ್ಲ. ನಿದ್ದಿಲ್ಲ" ಎಂದೆ.

ಅವಳು ನಂಬಲಿಲ್ಲ. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು, ಚಹಾದ ಅಂಗಡಿಯ ಬೆಂಚಿನ ಮೇಲೆ ನನ್ನನ್ನು ಕೂಡಿಸಿ, ಎಡಗೈ ನೋಯುತ್ತದೆಯೇ, ಏರು ಹತ್ತುವಾಗ ಏನಾಗುತ್ತದೆ ಎಂದು ಒಂದೊಂದಾಗಿ ಕೇಳಲು ಹತ್ತಿದಳು.